ಬಸ್ಸಿನ ಹೋರಿ

ಪುಟ್ಟಿ, ಚಿಕ್ಕು, ಇದು ನಿಮ್ಮಿಬ್ಬರಿಗೆ.

ಕಳೆದ ವಾರ ಪುಟ್ಟಿ ಫೋನಿನಲ್ಲಿ ತನ್ನ ಕಾಲೇಜಿನ ಪಾಠ ಹೇಳುತ್ತಿದ್ದಳು. ಒಳ್ಳೆಯ ಟಗರಿನ ಬೀಜ ತೆಗೆದು, ತಂಪಿನಲ್ಲಿ ಇಟ್ಟು, ಎಲ್ಲೋ ದೂರದ ಊರಿನ ಕುರಿಗೆ ಹಾಕುತ್ತಾರಂತೆ. ಹಾಕುವುದು ದೊಡ್ಡ ವಿಷಯವಲ್ಲ, ಯಾವ ಹೊತ್ತಿಗೆ ಹಾಕಬೇಕು ಎಂದು ತಿಳಿಯುವುದೇ ಕಷ್ಟ ಎಂದಳು. ಹಿಂದಿನಿಂದ ಚಿಕ್ಕು, "ಅಜ್ಜಿಗೆ ಎಂತ ಗೊತ್ತಾಗ್ತದೆ ಮಾರಾಯ್ತಿ ಅದೆಲ್ಲ" ಎಂದು ನಗುತ್ತಿದ್ದದ್ದು ನನಗೆ ಕೇಳಿಸಿತು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರಿನಲ್ಲಿ ನಿಂತರೂ ಅಷ್ಟಕ್ಕಷ್ಟೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಕಲಿತ ಅಕ್ಷರ ಇಷ್ಟಕ್ಕಾದರೂ ಒದಗಲಿ.

ನಮ್ಮ ಕಡೆ ಕುರಿ ಸಾಕುವವರಿಲ್ಲ. ಇಲ್ಲಿಯ ಮಳೆಗೆ ಅದರ ಗೊರಸು ಕೊಳೆಯುತ್ತದೆ. ನಮ್ಮಲ್ಲಿ ಇದ್ದದ್ದು ದನ. ಆದರೆ ನೀನು ಹೇಳಿದ ಆ ಹೊತ್ತಿನ ಕಷ್ಟ ನನಗೆ ಗೊತ್ತುಂಟು ಪುಟ್ಟಿ. ಅದಕ್ಕಾಗಿ ನಾನು ನಡೆದ ದಾರಿ ಈಗಲೂ ನನ್ನ ಮೊಣಕಾಲಿನಲ್ಲಿ ಉಂಟು.

ನನ್ನ ತವರು ಸುಳ್ಯದ ಆಚೆ, ಅರೆಭಾಷೆಯ ಮನೆ. ಮದುವೆಯಾಗಿ ಬಂದದ್ದು ಕಡಬದ ಕಡೆಯ ಈ ಊರಿಗೆ. ಜಾತಿ ಒಂದೇ ಆದರೂ ಇಲ್ಲಿ ಮನೆಮಾತು ತುಳು. ಬಂದ ಹೊಸತರಲ್ಲಿ ನನಗೆ ಅರ್ಥವಾಗುತ್ತಿತ್ತು, ತಿರುಗಿ ಹೇಳಲು ಬರುತ್ತಿರಲಿಲ್ಲ. ಮೊದಲೇ ಮಾತು ಕಡಿಮೆಯ ಹುಡುಗಿ, ಇನ್ನೂ ಕಡಿಮೆಯಾದೆ. ಮದುವೆಯ ಮರುವರ್ಷ ನನ್ನ ಅಪ್ಪ ಒಂದು ಕೆಂಪು ಕಡಸನ್ನು ಸುಳ್ಯದಿಂದ ನಡೆಸಿಕೊಂಡೇ ಬಂದು ನಮ್ಮ ಹಟ್ಟಿಯಲ್ಲಿ ಕಟ್ಟಿ ಹೋದರು. ಅದಾದ ಮೇಲೆ ಅವರು ಬಹಳ ಕಾಲ ಬದುಕಲಿಲ್ಲ. ತವರಿನಿಂದ ನನಗೆ ಉಳಿದದ್ದು ಆ ದನ ಒಂದೇ. ಹಟ್ಟಿಯಲ್ಲಿ ಅದರ ಹತ್ತಿರ ನಾನು ಅರೆಭಾಷೆಯಲ್ಲಿ ಮಾತಾಡುತ್ತಿದ್ದೆ. ಅದು ಕಿವಿ ಹಿಂದೆ ಮಾಡಿ ಕೇಳುತ್ತಿತ್ತು.

ನಿಮ್ಮ ಅಜ್ಜ ಆಗ ರೈಲು ದಾರಿಯ ಕೆಲಸದಲ್ಲಿದ್ದರು. ನೆಟ್ಟಣದಿಂದ ಮೇಲೆ ಘಟ್ಟದಲ್ಲಿ ಸುರಂಗ ಕೊರೆಯುತ್ತಿದ್ದ ಕಾಲ. ಯಾವಾಗಲಾದರೊಮ್ಮೆ ಮನೆಗೆ ಬಂದರೆ ಉಂಡು ಮಲಗುವುದೇ ಅವರ ಕೆಲಸ, ಎಬ್ಬಿಸಿ ಕಷ್ಟ ಹೇಳಲು ಮನಸ್ಸಾಗುತ್ತಿರಲಿಲ್ಲ. ಮನೆಯಲ್ಲಿ ನಾನು, ಅತ್ತೆ, ಆಗಷ್ಟೇ ನಡೆಯಲು ಕಲಿತಿದ್ದ ನಿಮ್ಮ ಅಪ್ಪ. ಮಗುವಿಗೆ ಹಾಲು ಬೇಕು. ದನ ಒಮ್ಮೆ ಕರು ಹಾಕಿ, ಆ ಕರು ಭೇದಿ ಹತ್ತಿ ಸತ್ತು, ಹಾಲು ಬತ್ತಿತ್ತು. ಮತ್ತೆ ಗಬ್ಬವಾಗಲಿಲ್ಲ.

ಮುಂಚೆ ಇದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಂಡವರಲ್ಲ. ದನ ಬೆಳಿಗ್ಗೆ ಗುಡ್ಡೆಗೆ ಹೋಗುತ್ತಿತ್ತು, ಸಂಜೆ ಬರುತ್ತಿತ್ತು. ಗುಡ್ಡೆಯಲ್ಲಿ ಊರಿನ ಹೋರಿ ಇತ್ತು. ಯಾವ ದಿನ ಏನಾಯಿತು ಎಂದು ನೋಡಿದವರಿಲ್ಲ. ಹೊಟ್ಟೆ ಕಂಡಾಗ ಗಬ್ಬ ಎಂದು ತಿಳಿಯುತ್ತಿತ್ತು. ಆ ಹೋರಿಯನ್ನು ಅದರ ಯಜಮಾನರು ಮಾರಿದರು. ಇನ್ನು ಒಳ್ಳೆಯ ಜಾತಿಯ ಹೋರಿಯ ಬೀಜ ಪುತ್ತೂರಿನಿಂದ ಬರುತ್ತದೆ, ಊರ ಹೋರಿ ಬೇಡ ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು. ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ಬೀಜದ ಸೀಸೆ ಇಟ್ಟು ಬಸ್ಸಿನಲ್ಲಿ ಕಳುಹಿಸುತ್ತಿದ್ದರು. ಪೇಟೆಯ ದನದ ಆಸ್ಪತ್ರೆಯಲ್ಲಿ ಅದನ್ನು ಇಳಿಸಿಕೊಂಡು ಕೊಳವೆಯಿಂದ ದನಕ್ಕೆ ಹಾಕುತ್ತಿದ್ದರು. ಜನ ಅದಕ್ಕೆ ಬಸ್ಸಿನ ಹೋರಿ ಎಂದು ಹೆಸರಿಟ್ಟರು.

ಅತ್ತೆಗೆ ಅದು ಹಿಡಿಸಲಿಲ್ಲ. ಆದರೆ ಬೇರೆ ದಾರಿ ಇರಲಿಲ್ಲ. ಘಟ್ಟದ ಮೇಲಿನ ದನದ ವ್ಯಾಪಾರಿ ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಬರುತ್ತಿದ್ದ. ಬತ್ತಿದ ದನಗಳನ್ನು ಕೊಂಡು ಗುಂಡ್ಯದವರೆಗೆ ನಡೆಸಿ ಅಲ್ಲಿ ಲಾರಿಗೆ ಹತ್ತಿಸುತ್ತಿದ್ದ. ಲಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅತ್ತೆ ಒಂದು ದಿನ ಹಟ್ಟಿಯ ಬಾಗಿಲಲ್ಲಿ ನಿಂತು ಹೇಳಿದರು. ತುಳುವಿನಲ್ಲಿ ಹೇಳಿದ್ದು, ನಿಮಗೆ ತಿಳಿಯಲೆಂದು ಕನ್ನಡದಲ್ಲಿ ಬರೆಯುತ್ತೇನೆ.

"ನೋಡು, ಮಳೆಗಾಲ ಪೂರ ಇದಕ್ಕೆ ಹುಲ್ಲು ಎಲ್ಲಿಂದ ತರುದು? ಗಬ್ಬ ಆದ್ರೆ ಇರ್ಲಿ. ಇಲ್ಲದಿದ್ರೆ ಈ ಸಲ ಅವನು ಬಂದಾಗ ಕೊಡುದೇ."

ನಾನು ಕೈಯಲ್ಲಿದ್ದ ಸೊಪ್ಪನ್ನು ದನದ ಮುಂದೆ ಹಾಕಿದೆ.

ಬಸ್ಸಿನ ಹೋರಿಗೆ ದಿನ ಹೇಳಬೇಕು. ಆ ದಿನವನ್ನು ಲೆಕ್ಕ ಹಾಕಲು ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ, ಎಂದೂ ಬೇಕಾಗಿರಲಿಲ್ಲವಲ್ಲ. ಹೆಂಗಸರಿಗೆ ಗೊತ್ತಿದ್ದದ್ದು ಒಂದೇ ಲೆಕ್ಕ, ತಮ್ಮದು. ನಮ್ಮ ಕಾಲದಲ್ಲಿ ಮುಟ್ಟಾದರೆ ಮೂರು ದಿನ ಹೊರಗೆ ಕೂರಬೇಕು, ನಾಲ್ಕನೆಯ ದಿನ ಮಿಂದು ಒಳಗೆ ಬರಬೇಕು. ದನ ಕೂಗಲು ಶುರು ಮಾಡಿದರೆ ಅತ್ತೆ, "ಅದು ಹೊರಗಾಯಿತು" ಎನ್ನುತ್ತಿದ್ದರು. ಕೂಗು ನಿಂತ ಮೇಲೆ ಬಾಲದ ಬುಡದಲ್ಲಿ ಒಂದಿಷ್ಟು ರಕ್ತ ಕಾಣುತ್ತಿತ್ತು. ಅದನ್ನು ನೋಡಿ ಅವರಿಗೆ ಲೆಕ್ಕ ಇನ್ನೂ ಗಟ್ಟಿಯಾಯಿತು.

"ನಾಲ್ಕು ಮೀಯದೆ ಗಂಡಿನ ಹತ್ತಿರ ಹೋಗುದುಂಟಾ? ದನ ಆದ್ರೂ ಹೆಣ್ಣೇ ಅಲ್ವಾ?"

ಅದೂ ಅಲ್ಲದೆ ಪೇಟೆಗೆ ಹೋಗುವ ದಾರಿ ದೈವದ ಕಟ್ಟೆಯ ಎದುರಿನಿಂದಲೇ ಹೋಗುತ್ತದೆ. ಮೈಲಿಗೆಯ ದನವನ್ನು ಆ ಕಟ್ಟೆಯ ಮುಂದೆ ನಡೆಸುವುದು ಹೇಗೆ? ಅದರಿಂದ ನಾಲ್ಕನೆಯ ದಿನ ಬೆಳಿಗ್ಗೆ ಎದ್ದು ನಾವು ದನವನ್ನು ತೋಡಿನ ಹರಿವ ನೀರಿಗೆ ಇಳಿಸಿ, ತೆಂಗಿನ ನಾರಿನಿಂದ ಉಜ್ಜಿ, ಕೊಂಬಿಗೂ ಎಣ್ಣೆ ಹಚ್ಚಿ ಹೊರಡಿಸುತ್ತಿದ್ದೆವು. ಮದುಮಗಳನ್ನು ಹೊರಡಿಸಿದ ಹಾಗೆ.

ಮೊದಲ ಸಲ ಅತ್ತೆಯೂ ಬಂದಿದ್ದರು. ಆಸ್ಪತ್ರೆಯ ಕಂಪೌಂಡರು ಮೈಸೂರು ಕಡೆಯವರು. ತುಳು ಬರುತ್ತಿರಲಿಲ್ಲ. ಅತ್ತೆಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ.

"ಬೆದೆಗೆ ಬಂದಿದ್ಯೇನಮ್ಮ?" ಎಂದು ಅವರು ಕೇಳಿದರು.

"ಹೌದು, ಹೌದು. ಎಲ್ಲ ಕ್ರಮದಲ್ಲೇ ಆಗಿದೆ" ಎಂದರು ಅತ್ತೆ.

ಅವರು ದನವನ್ನು ಮರದ ಚೌಕಟ್ಟಿಗೆ ನಿಲ್ಲಿಸಿ, ಕೈಗೆ ಉದ್ದದ ಚೀಲ ಹಾಕಿಕೊಂಡು ತಮ್ಮ ಕೆಲಸ ಮಾಡಿದರು. ನಾನು ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದೆ. ಜಗಲಿಯಲ್ಲಿ ಗಂಡಸರು ಕೂತಿದ್ದರು.

ಮೂರು ವಾರ ಕಳೆಯುವಾಗ ದನ ಮತ್ತೆ ಕೂಗಿತು. ಮತ್ತೆ ಮೀಯಿಸಿದ್ದು, ಮತ್ತೆ ನಡೆದದ್ದು. ಈ ಸಲ ನಾನೊಬ್ಬಳೇ. ಪೇಟೆಯ ಚಾದಂಗಡಿಯವನಿಗೆ ನನ್ನನ್ನು ಕಂಡರೆ ಬಾಯಿ ತುರಿಸುತ್ತಿತ್ತು.

"ಎಂತ ಅಕ್ಕ, ಇವತ್ತೂ ಭೇಟಿ ಉಂಟಾ? ಬಸ್ಸು ಲೇಟು. ಹೋರಿಗೆ ಪುತ್ತೂರಲ್ಲಿ ಚಾ ಕುಡಿದು ಬರ್ಲಿಕ್ಕೆ ಉಂಟಂತೆ."

ಅಂಗಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ನಾನು ಸೆರಗು ಎಳೆದುಕೊಂಡು ದನದ ಆಚೆ ಬದಿಗೆ ಹೋಗಿ ನಡೆಯುತ್ತಿದ್ದೆ.

ಅದರ ನಂತರವೂ ದನ ಕೂಗಿತು. ಮೂರನೆಯ ಸಲ ಹೋಗುವಾಗ ಬೇಸಗೆ ಏರಿತ್ತು. ಹೋಗುವಾಗ ಬಿಸಿಲು, ಬರುವಾಗ ಬಿಸಿಲು, ಮನೆಯಲ್ಲಿ ಮಗು ಅಳುತ್ತಿರುತ್ತದೆ ಎಂಬ ಯೋಚನೆ, ತೋಡಿನಿಂದ ನೀರು ಹೊರುವುದು ಬಾಕಿ. ಕಂಪೌಂಡರು ನನ್ನ ದನವನ್ನು ಗುರುತು ಹಿಡಿದರು. ಕೈ ಹಾಕಿ ನೋಡಿ ಹೊರತೆಗೆದು, ನೀರಿನಲ್ಲಿ ತೊಳೆಯುತ್ತಾ ಹೇಳಿದರು.

"ಇದಕ್ಕೆ ಬೆದೆ ಇಲ್ಲ ಈಗ. ಪ್ರತಿ ಸಲ ಹೀಗೇ ತರ್ತೀರಲ್ಲಮ್ಮ. ಗೊಡ್ಡು ದನ ಅನ್ಸುತ್ತೆ, ಮಾರ್ಬಿಡಿ."

ಫ್ಲಾಸ್ಕಿನ ಮುಚ್ಚಳ ತೆರೆಯಲೇ ಇಲ್ಲ. ದನದ ಹಗ್ಗ ಬಿಚ್ಚಲು ನನಗೆ ಕೈ ಬರಲಿಲ್ಲ. ಅಪ್ಪ ಸುಳ್ಯದಿಂದ ನಡೆಸಿಕೊಂಡು ಬಂದ ದನ ಗುಂಡ್ಯದಲ್ಲಿ ಲಾರಿ ಹತ್ತುವುದು ಕಣ್ಣಿಗೆ ಕಟ್ಟಿತು. ಅಲ್ಲಿಯವರೆಗೆ ಆ ಮನುಷ್ಯನ ಹತ್ತಿರ ಒಂದು ಮಾತು ಆಡದ ನಾನು, ಏನು ಹೇಳುತ್ತಿದ್ದೇನೆ ಎಂಬ ಬೋಧವೂ ಇಲ್ಲದೆ ಹೇಳಿಬಿಟ್ಟೆ.

"ನಾವು ಪ್ರತಿ ಸಲ ನಾಲ್ಕನೇ ದಿನ ಮೀಯಿಸಿಯೇ ತಂದದ್ದು."

"ಏನು? ಯಾರಿಗೆ ನಾಲ್ಕನೇ ದಿನ?"

"ದನಕ್ಕೆ. ಹೊರಗಾಗಿ ನಾಲ್ಕನೇ ದಿನ."

ಅವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒದ್ದೆ ಕೈಯಲ್ಲೇ ಕಂಬ ಹಿಡಿದುಕೊಂಡು ನಕ್ಕರು. ಜಗಲಿಯವರು ಏನೆಂದು ಕೇಳಿದರು, ಕಂಪೌಂಡರು ಅವರಿಗೂ ಹೇಳಿದರು. ಜಗಲಿ ಪೂರ ನಗು. ನಾನು ಹಗ್ಗ ಬಿಚ್ಚಿ ದನವನ್ನು ಹೊರಗೆ ಎಳೆದೆ. ಆದರೆ ನಕ್ಕು ಮುಗಿದ ಮೇಲೆ ಅವರು ಹೊರಗೆ ಬಂದು ನನ್ನ ಹತ್ತಿರ, ಇನ್ನೊಬ್ಬರಿಗೆ ಕೇಳಿಸದ ಹಾಗೆ, ನಿಧಾನವಾಗಿ ಹೇಳಿದರು.

"ನೋಡಮ್ಮ, ರಕ್ತ ಕಂಡ್ರೆ ಕತೆ ಮುಗಿದ ಹಾಗೆ. ಅದು ಕೂಗೋ ದಿನವೇ ತರ್ಬೇಕು. ಬೆಳಿಗ್ಗೆ ಕೂಗಿದ್ರೆ ಸಂಜೆಯೊಳಗೆ. ಲೋಳೆ ಗಾಜಿನ ಹಾಗೆ ತಿಳಿಯಾಗಿ ಇಳೀತಿರುತ್ತೆ, ಆಗ. ನಮ್ಮ ಮನೇಲಿ ಕುರಿ ಸಾಕ್ತೀವಿ. ಟಗರಿಗೆ ಯಾರೂ ದಿನ ಹೇಳಲ್ಲ, ಮೂಸಿ ನೋಡಿ ತಿಳ್ಕೊಳ್ಳುತ್ತೆ. ಬಸ್ಸಲ್ಲಿ ಬರೋ ಹೋರಿಗೆ ಮೂಗಿಲ್ಲ. ಅದರ ಮೂಗು ನೀವಾಗ್ಬೇಕು."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಕೇಳಿದರು.

"ಕೂಗುವ ದಿನ ಅಂದ್ರೆ ಹೊರಗಾದ ದಿನವೇ. ಅವನು ಘಟ್ಟದ ಮೇಲಿನವ, ಅವನಿಗೆ ನಮ್ಮ ದೈವ ಎಂತ ಗೊತ್ತು? ಆ ದಿನ ಕಟ್ಟೆಯ ಎದುರು ನಾನು ದನ ಹಿಡಿದು ಹೋಗ್ಲಿಕ್ಕಿಲ್ಲ. ನೀನೂ ಹೋಗ್ಲಿಕ್ಕಿಲ್ಲ. ಮತ್ತೆ ಅವನೇ ಹೇಳಿದ್ನಲ್ಲ, ಗೊಡ್ಡು ಅಂತ."

ಅವರು ಕೆಟ್ಟವರಲ್ಲ. ಹೆದರಿದವರು. ಅವರ ಎರಡು ಮಕ್ಕಳು ಸಣ್ಣದರಲ್ಲೇ ಹೋಗಿದ್ದವು. ಮಳೆಗೆ ಮುಂಚೆ ದನ ಇನ್ನೊಂದೇ ಸಲ ಕೂಗುವುದು, ಆಮೇಲೆ ವ್ಯಾಪಾರಿ ಬರುತ್ತಾನೆ. ಇಷ್ಟು ಮಾತ್ರ ನನಗೆ ಗೊತ್ತಿತ್ತು.

ಆ ದಿನ ಬಂದಾಗ ನಾನೇ ಹೊರಗೆ ಕೂತಿದ್ದೆ. ಹಟ್ಟಿಗೆ ತಾಗಿದ ಸಣ್ಣ ಮಾಡಿನ ಕೆಳಗೆ ನನ್ನ ಚಾಪೆ, ತಟ್ಟೆ, ಚೆಂಬು. ನಿಜ ಹೇಳಬೇಕೆಂದರೆ ವರ್ಷವಿಡೀ ನನಗೆ ಬೆನ್ನು ನೆಲಕ್ಕೆ ತಾಗುತ್ತಿದ್ದದ್ದು ಆ ದಿನಗಳಲ್ಲಿ ಮಾತ್ರ. ಮಗುವನ್ನು ಮುಟ್ಟುವ ಹಾಗಿಲ್ಲ, ದೂರದಿಂದ ಅದು ಕೈಚಾಚಿ ಅಳುವುದನ್ನು ನೋಡಬೇಕು ಎನ್ನುವುದೊಂದು ಬಿಟ್ಟರೆ. ಬೆಳಿಗ್ಗೆ ಗಂಜಿ ಕುಡಿಯುತ್ತಿದ್ದಾಗ ಗೋಡೆಯ ಆಚೆ ದನ ಒಮ್ಮೆ ಕೂಗಿತು. ಎದ್ದು ಹೋಗಿ ನೋಡಿದೆ. ಹುಲ್ಲು ಮುಟ್ಟಿರಲಿಲ್ಲ. ಬಾಲ ಒಂದು ಬದಿಗೆ. ಕಂಪೌಂಡರು ಹೇಳಿದ ಹಾಗೆ, ಲೋಳೆ ಗಾಜಿನಂತೆ ತಿಳಿಯಾಗಿ ಇಳಿಯುತ್ತಿತ್ತು.

ಒಳಗೆ ಮಲಗಿದ್ದರೆ ಆ ಒಂದು ಕೂಗು ನನಗೆ ಕೇಳಿಸುತ್ತಿರಲಿಲ್ಲವೋ ಏನೋ.

ಯೋಚಿಸಲು ಕೂತರೆ ಹೋಗಲಾಗುವುದಿಲ್ಲ ಎಂದು ಹಗ್ಗ ಬಿಚ್ಚಿದೆ. ಅಂಗಳದಾಚೆಯಿಂದ ಅತ್ತೆ ಕಂಡರು.

"ಎಲ್ಲಿಗೆ ಹೊರಟದ್ದು?"

"ಪೇಟೆಗೆ."

"ಅದೂ ಹೊರಗೆ, ನೀನೂ ಹೊರಗೆ. ಇಬ್ಬರೂ ಸೇರಿ ದೈವದ ಎದುರು ಹೋಗ್ತೀರಾ? ಮಂಡೆ ಸಮ ಉಂಟಾ ನಿಂಗೆ?"

"ಕಟ್ಟೆಯ ದಾರಿ ಬೇಡ. ಗುಡ್ಡೆ ಹತ್ತಿ ಹೋಗ್ತೇನೆ."

ಗುಡ್ಡೆಯ ದಾರಿ ಎಂದರೆ ಗೇರು ಮರಗಳ ನಡುವೆ ಏರಿ, ಆಚೆಗೆ ಇಳಿದು, ತೋಡು ದಾಟಿ, ಪೇಟೆಯ ಹಿಂಬದಿಗೆ ಸೇರುವ ಸುತ್ತು ದಾರಿ. ಸೌದೆಗೆ ಹೋಗುವವರು ಬಿಟ್ಟರೆ ಬೇರೆ ಯಾರೂ ಹೋಗುವುದಿಲ್ಲ. ಅತ್ತೆ ಒಳಗೆ ಹೋದರು. ಬಾಗಿಲು ಹಾಕಿಕೊಂಡರು ಎಂದೇ ತಿಳಿದೆ. ಮತ್ತೆ ಹೊರಗೆ ಬಂದವರು, ಅಡಿಕೆ ಹಾಳೆಯ ಟೊಪ್ಪಿಯೊಂದನ್ನು ನನಗೆ ತಾಗದ ಹಾಗೆ ಅಂಗಳದ ಕೊನೆಯಲ್ಲಿಟ್ಟು ಹಿಂದೆ ಸರಿದರು.

"ಬಿಸಿಲು ಉಂಟು. ಮಗು ಇಲ್ಲಿ ಇರ್ತದೆ. ಹೋಗುದಾದ್ರೆ ಬೇಗ ಹೋಗು."

ಆ ದಿನದ ನಡಿಗೆಯನ್ನು ಹೇಗೆ ಬರೆಯುವುದೆಂದು ತಿಳಿಯುತ್ತಿಲ್ಲ. ಹೊಟ್ಟೆ ಹಿಂಡುತ್ತಿತ್ತು, ಸೊಂಟ ಕಡಿಯುತ್ತಿತ್ತು. ದನ ಒಮ್ಮೆ ಓಡುವುದು, ಒಮ್ಮೆ ನಿಂತು ಕತ್ತು ಎತ್ತಿ ಕೂಗುವುದು. ಗುಡ್ಡೆಯ ತುದಿಯಲ್ಲಿ ಹೋರಿ ಇರುತ್ತಿದ್ದ ಜಾಗ ಅದಕ್ಕೆ ನೆನಪಿತ್ತೋ ಏನೋ, ಅಲ್ಲಿ ನಿಂತದ್ದು ಕದಲಲೇ ಇಲ್ಲ. "ಅದು ಈಗ ಇಲ್ಲಿ ಇಲ್ಲ, ಬಾ" ಎಂದು ಅರೆಭಾಷೆಯಲ್ಲಿ ಬೇಡಿಕೊಂಡೆ. ಎಳೆದೆ. ಕೊನೆಗೆ ನಾನೂ ಅದರ ಪಕ್ಕದಲ್ಲಿ ಕೂತುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅದೇ ನಡೆಯಲು ಹೊರಟಿತು, ನಾನು ಹಿಂದಿನಿಂದ ಹೋದೆ. ಮೇಲಿನಿಂದ ನೋಡಿದರೆ ಕೆಳಗೆ ದೈವದ ಕಟ್ಟೆ ಸಣ್ಣದಾಗಿ ಕಾಣುತ್ತಿತ್ತು. ತಪ್ಪಾದರೆ ಅದು ನನ್ನ ತಲೆಗಿರಲಿ, ಮಗುವಿನ ತಲೆಗೆ ಬೇಡ ಎಂದು ಅಲ್ಲಿಂದಲೇ ಕೈಮುಗಿದೆ.

ಪೇಟೆ ತಲುಪುವಾಗ ಬಸ್ಸು ಬಂದಿರಲಿಲ್ಲ. ನಿಜವಾಗಿಯೂ ಲೇಟು. ಚಾದಂಗಡಿಯವನು ನನ್ನ ಮುಖ ನೋಡಿ ಆ ದಿನ ತಮಾಷೆ ಮಾಡಲಿಲ್ಲ. "ನೀರು ಬೇಕಾ ಅಕ್ಕ?" ಎಂದು ಕೇಳಿದ. ನಾನು ಮೈಲಿಗೆ, ಅವನ ಲೋಟ ಮುಟ್ಟುವುದು ಹೇಗೆ? ಬೇಡ ಎಂದು ತಲೆಯಾಡಿಸಿದೆ. ಬಾಯಿ ಒಣಗಿತ್ತು. ಮಂಜುಗಡ್ಡೆ ಕರಗಿದರೆ ಬೀಜ ಕೆಡುತ್ತದೆ ಎಂದು ಜಗಲಿಯಲ್ಲಿ ಯಾರೋ ಹೇಳುತ್ತಿದ್ದರು. ಬಿಸಿಲು ನೆತ್ತಿ ದಾಟಿದ ಮೇಲೆ ಬಸ್ಸು ಬಂತು. ಕಂಡಕ್ಟರು ಫ್ಲಾಸ್ಕು ಎತ್ತಿ ಹಿಡಿದು, "ದಾರಿ ಬಿಡಿ ಮಾರಾಯ್ರೆ, ಹೋರಿ ಇಳೀಲಿಕ್ಕೆ ಉಂಟು" ಎಂದು ಕೂಗಿದ.

ಕಂಪೌಂಡರು ನನ್ನನ್ನು ನೋಡಿದ ಕೂಡಲೇ ಕೇಳಿದರು. "ಎಷ್ಟನೇ ದಿನಮ್ಮ?"

ಜಗಲಿಯವರು ಕಿವಿ ಕೊಟ್ಟು ಕೂತಿದ್ದರು. ನಾನು ಒಂದು ಬೆರಳು ತೋರಿಸಿದೆ.

"ಸರಿ. ಇವತ್ತು ಹೋರಿಗೆ ಮೂಗು ಬಂದಿದೆ."

ಮನೆಗೆ ಬಂದು ಮತ್ತೆ ಹೊರಗೆ ಕೂತೆ. ಅತ್ತೆ ದೂರದಿಂದ ಊಟ ಬಡಿಸಿದರು. ಏನಾಯಿತು ಎಂದು ಕೇಳಲಿಲ್ಲ. ಅನ್ನ ಮಾತ್ರ ಎಂದಿಗಿಂತ ಹೆಚ್ಚು ಹಾಕಿದ್ದರು.

ಆ ಮೇಲೆ ಕಾಯುವುದು. ನಡೆಯುವುದಕ್ಕಿಂತ ಅದೇ ಹೆಚ್ಚು ಆಯಾಸ. ಮೂರು ವಾರವಾಗುತ್ತ ಬಂದ ಹಾಗೆ ಬೆಳಿಗ್ಗೆ ಎದ್ದರೆ ಮೊದಲು ಕಿವಿ ಹಟ್ಟಿಯ ಕಡೆಗೆ. ಕಾಗೆ ಕೂಗಿದರೂ ಓಡಿ ಹೋಗಿ ನೋಡುತ್ತಿದ್ದೆ. ದನ ಕೂಗಲಿಲ್ಲ. ಆದರೆ ಗಬ್ಬ ನಿಂತಿದೆ ಎಂದು ಕೈ ಹಾಕಿ ಹೇಳಲು ಇನ್ನೂ ತಿಂಗಳುಗಳು ಬೇಕು ಎಂದು ಕಂಪೌಂಡರು ಹೇಳಿದ್ದರು. ಅಷ್ಟರಲ್ಲಿ ಮೋಡ ಕಟ್ಟಿತು, ವ್ಯಾಪಾರಿ ಬಂದ. ವರ್ಷ ವರ್ಷ ಬಂದು ತುಳು ಕಲಿತಿದ್ದವನು ನೇರವಾಗಿ ಹಟ್ಟಿಗೆ ಹೋಗಿ ನನ್ನ ದನದ ಬೆನ್ನಿನ ಮೇಲೆ ಕೈಯಾಡಿಸಿದ.

"ಎಂತಮ್ಮಾ, ಬತ್ತಿದ್ದಲ್ವಾ ಇದು? ಗೊಡ್ಡು ಅಂತ ಪೇಟೆಯಲ್ಲಿ ಹೇಳ್ತಿದ್ರು. ಕೊಟ್ಟುಬಿಡಿ, ಮಳೆ ಬಂದ್ರೆ ನಿಮಗೇ ಕಷ್ಟ."

ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅತ್ತೆ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎಲೆ ಮಡಚಿ ಬಾಯಿಗೆ ಹಾಕಿಕೊಂಡರು.

"ಅದನ್ನು ಕೊಡ್ಲಿಕ್ಕಿಲ್ಲ."

"ಎಂತಕ್ಕೆ?"

"ಈ ತಿಂಗಳು ಅದು ಹೊರಗಾಗ್ಲಿಲ್ಲ."

ಅವನು ತಲೆ ಕೆರೆದುಕೊಂಡ. "ಡಾಕ್ಟ್ರು ನೋಡಿದ್ರಾ?"

"ಹೊರಗಾಗದ ಹೆಣ್ಣನ್ನು ನೋಡ್ಲಿಕ್ಕೆ ಡಾಕ್ಟ್ರು ಎಂತಕ್ಕೆ ಮಾರಾಯಾ? ನನ್ನ ಪ್ರಾಯಕ್ಕೆ ಅಷ್ಟು ಗೊತ್ತಾಗುದಿಲ್ವಾ? ಬಸುರಿಯನ್ನು ಲಾರಿ ಹತ್ತಿಸ್ತೀಯಾ ನೀನು?"

ಮೂರು ಸಲ ನಮ್ಮನ್ನು ದಾರಿ ತಪ್ಪಿಸಿದ ಲೆಕ್ಕ ಅದೇ. ಈ ಸಲ ಅದೇ ಲೆಕ್ಕ ದನವನ್ನು ಉಳಿಸಿತು. ನಾನು ಬಾಗಿಲ ಹಿಂದೆಯೇ ಕೂತೆ. ಅಳು ಬರಲಿಲ್ಲ. ನಿದ್ದೆ ಬಂತು.

ದನ ಕರು ಹಾಕಿದ್ದು ಮಾಗಿಯ ಚಳಿಯಲ್ಲಿ. ಗಂಡು ಕರು. ಕಪ್ಪು ಬಣ್ಣ, ಉದ್ದ ಕಾಲು, ಬೆನ್ನು ಹಲಗೆಯ ಹಾಗೆ ಚಪ್ಪಟೆ. ಹೆಗಲ ಮೇಲೆ ಹಿಣಿಲಿನ ಡುಬ್ಬ ಇಲ್ಲದ್ದಕ್ಕೆ ನೊಗ ಕಟ್ಟಲಾಗುವುದಿಲ್ಲ. ಅತ್ತೆ ಅದರ ಸುತ್ತ ಒಂದು ಸುತ್ತು ಬಂದರು. "ಇಷ್ಟು ನಡೆದದ್ದು ಈ ಹೆಗಲಿಲ್ಲದವನಿಗಾ?" ಎಂದರು. ಮತ್ತೆ ಇಬ್ಬರೂ ನಕ್ಕೆವು. ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು ಎಂದು ತೋರುತ್ತದೆ. ಹಾಲು ಬಂತು. ನಿಮ್ಮ ಅಪ್ಪ ಆ ಹಾಲು ಕುಡಿದೇ ಬೆಳೆದದ್ದು.

ಆಮೇಲೆ ಊರಿನ ಹೆಂಗಸರು ದನ ಕೂಗಿದರೆ ಅತ್ತೆಯನ್ನು ಕೇಳಲು ಬರುತ್ತಿದ್ದರು. "ಕೂಗಿದ ದಿನವೇ ಕೊಂಡೋಗಿ. ನಾಲ್ಕು ಮೀಯುದು ನಮಗೆ ಮಾತ್ರ, ಅದಕ್ಕಲ್ಲ" ಎಂದು ಅವರು ಗಂಭೀರವಾಗಿ ಹೇಳುವಾಗ ನಾನು ನಗು ಅಡಗಿಸಲು ಒಳಗೆ ಹೋಗುತ್ತಿದ್ದೆ. ಆದರೆ ಆ ದಿನಗಳಲ್ಲಿ ದನವನ್ನು ಕಟ್ಟೆಯ ಎದುರು ನಡೆಸಲು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ. ಅದರಿಂದ ಎಷ್ಟೋ ವರ್ಷ, ಆ ದನಕ್ಕೂ ಅದರ ಮುಂದಿನ ಹೆಣ್ಣು ಕರುಗಳಿಗೂ, ನಾನು ಗುಡ್ಡೆ ಹತ್ತಿ ಇಳಿದೆ. ಅತ್ತೆ ಹೋದ ಮೇಲೂ ಅದೇ ದಾರಿ ಹಿಡಿಯುತ್ತಿದ್ದೆ. ಯಾಕೆಂದು ಕೇಳಿದರೆ ಹೇಳಲಾರೆ. ನಂತರ ಫ್ಲಾಸ್ಕಿನ ಬದಲು ಹೊಗೆಯಾಡುವ ದೊಡ್ಡ ಡಬ್ಬ ಬಂತು, ಸ್ಕೂಟರಿನಲ್ಲಿ ಮನೆಗೇ ಬಂದು ಹಾಕುವವರು ಬಂದರು. ನಡೆಯುವುದು ನಿಂತಿತು. ಆದರೆ ಹೊತ್ತು ನೋಡಿ ಹೇಳುವ ಕೆಲಸ ಆಗಲೂ ಮನೆಯ ಹೆಂಗಸಿನದೇ.

ಕೆಂಪು ದನ ನಮ್ಮ ಹಟ್ಟಿಯಲ್ಲಿಯೇ, ಮುದಿಯಾಗಿ, ಕಾಲು ಮಡಚಿ ಮಲಗಿದಲ್ಲಿಯೇ ಸತ್ತಿತು. ನನಗೆ ಬೇಕಾಗಿದ್ದದ್ದು ಅಷ್ಟೆ.

ಬರೆದು ಕೈ ಸೋತಿತು. ಒಳಕೋಣೆಯ ಗೋಡೆ ಕಪಾಟಿನಲ್ಲಿ ಅದರ ಕೊರಳಿನ ಮರದ ಗಂಟೆ ಉಂಟು, ಹಗ್ಗ ಸವೆದಿದೆ. ಊರಿಗೆ ಬಂದಾಗ ಈ ಹಾಳೆಗಳನ್ನು ಮಡಚಿ ಅದರ ಜೊತೆಯಲ್ಲಿ ಇಡಿ. ನಮ್ಮ ಗೋಡೆಗೆ ಗೆದ್ದಲು ಬರುತ್ತದೆ, ಮಳೆ ಕಳೆದ ಮೇಲೆ ವರ್ಷಕ್ಕೊಮ್ಮೆ ಎರಡನ್ನೂ ಹೊರಗೆ ತೆಗೆದು ಬಿಸಿಲಿಗೆ ಹಾಕಿ. ಚಿಕ್ಕು ಮರೆಯುತ್ತಾನೆ. ಪುಟ್ಟಿ, ನೀನು ನೆನಪಿಟ್ಟುಕೋ.